ಫ್ರೆಂಚ್‌ನಲ್ಲಿ ದಿನಚರಿ ಹೇಳುವಾಗ ಈ 'ಸ' ಎಲ್ಲಿ ಬೇಕು, ಎಲ್ಲಿ ಬೇಡ?

ತುಮಕೂರು_ಲೋಕಲ್:

ಎಲ್ಲರಿಗೂ ನಮಸ್ಕಾರ. ಡೆಲ್ಫ್ ಎ2ಗೆ, ಅಂದರೆ ಫ್ರೆಂಚ್ ಭಾಷೆಯ ಆರಂಭಿಕ ಹಂತದ ಸರ್ಟಿಫಿಕೇಟ್ ಪರೀಕ್ಷೆಗೆ, ತಯಾರಿ ಮಾಡುತ್ತಿದ್ದೇನೆ. ಬಾಯಿ ಪರೀಕ್ಷೆಯಲ್ಲಿ 'ನಿಮ್ಮ ದಿನ ಹೇಗಿರುತ್ತೆ' ಅಂತ ಕೇಳೋದು ಮಾಮೂಲಿಯಂತೆ. ಅದಕ್ಕೆ ಒಂದು ಪ್ಯಾರಾ ಬರೆದುಕೊಂಡಿದ್ದೇನೆ. ಆದರೆ ಕ್ರಿಯಾಪದದ ಮುಂದೆ ಬರುವ ಈ ಮ (ನನ್ನನ್ನು), ತ (ನಿನ್ನನ್ನು), ಸ (ತನ್ನನ್ನು) ಯಾವುದಕ್ಕೆ ಹಾಕಬೇಕು, ಯಾವುದಕ್ಕೆ ಬೇಡ ಅನ್ನೋದು ತಲೆಗೇ ಹತ್ತುತ್ತಿಲ್ಲ.

ಪುಸ್ತಕದಲ್ಲಿ 'ಮಾಡುವವನು ತನ್ನ ಮೇಲೇ ಮಾಡಿಕೊಂಡರೆ ಸ ಬರುತ್ತದೆ' ಅಂತಿದೆ. ಸರಿ, ಮುಖ ತೊಳೆಯೋದು ತನ್ನ ಮೇಲೆ, ಒಪ್ಪಿದೆ. ಆದರೆ ಏಳೋದು? ಏಳುವಾಗ ನಾನು ನನ್ನ ಮೇಲೆ ಏನು ಮಾಡಿಕೊಳ್ಳುತ್ತೇನೆ? ಊಟ ಮಾಡಿದರೆ ಅದು ಹೋಗೋದು ನನ್ನ ಹೊಟ್ಟೆಗೇ ತಾನೇ, ಅದಕ್ಕೆ ಯಾಕಿಲ್ಲ?

ಫ್ರೆಂಚ್ ಲಿಪಿ ಎಲ್ಲರಿಗೂ ಓದೋಕೆ ಬರಲ್ಲ ಅಂತ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಉಚ್ಚಾರ ಹತ್ತಿರ ಹತ್ತಿರ ಅಷ್ಟೇ.

'ಝ ರೆವೆಯ್ ಆ ಸೀಜರ್. ಝ ಮ ಲೆವ್ ಆ ಸೀಜರ್ ಎ ದಮಿ. ಝ ಲಾವ್ ಮೇ ಮ್ಯಾಂ. ಝ ಮ ಬ್ವಾ ಅಂ ಕಫೇ. ಝ ಪಾರ್ ಒ ಬ್ಯುರೋ ಆ ನವರ್. ಝ ಮ ದೋರ್ ಆ ಓಂಜರ್.'

ಆರಕ್ಕೆ ಎಚ್ಚರ, ಆರೂವರೆಗೆ ಏಳೋದು, ಕೈ ತೊಳೆಯೋದು, ಕಾಫಿ, ಒಂಬತ್ತಕ್ಕೆ ಆಫೀಸು, ಹನ್ನೊಂದಕ್ಕೆ ನಿದ್ದೆ. ಎಲ್ಲೆಲ್ಲಿ ತಪ್ಪಿದೆ ಅಂತ ಹೇಳುವಿರಾ?

ಬಸವನಗುಡಿ_ಟೀಚರ್:

ಲೋಕಲ್ ಅವ್ರೆ, ಮೊದಲು ಪುಸ್ತಕದ ಆ ವಾಕ್ಯವನ್ನು ಪಕ್ಕಕ್ಕಿಡಿ. 'ತನ್ನ ಮೇಲೆ ತಾನೇ' ಅನ್ನೋದು ಅರ್ಧ ಪದಗಳಿಗೆ ಮಾತ್ರ ಹೊಂದುತ್ತದೆ. ಉಳಿದ ಅರ್ಧಕ್ಕೆ ಎಲ್ಲರೂ ಒದ್ದಾಡೋದೇ ಅದರಿಂದ. ಕ್ಲಾಸಿನಲ್ಲಿ ನಾನು ಬೇರೆ ದಾರಿಯಲ್ಲಿ ಹೇಳಿಕೊಡುತ್ತೇನೆ.

ಕನ್ನಡದಲ್ಲಿ ಏಳು, ಮಲಗು, ಕೂರು, ನಿಲ್ಲು ಇವೆಲ್ಲ ಮೂಲ ಪದಗಳು. ಬೇರೆಯವರ ಕೈಲಿ ಅದನ್ನು ಮಾಡಿಸಬೇಕಾದರೆ ನಾವು 'ಇಸು' ಸೇರಿಸುತ್ತೇವೆ. ಎಬ್ಬಿಸು, ಮಲಗಿಸು, ಕೂರಿಸು, ನಿಲ್ಲಿಸು. ಫ್ರೆಂಚ್‌ನಲ್ಲಿ ಇದು ಪೂರ್ತಿ ತಲೆಕೆಳಗು. ಅವರ ಮೂಲ ಪದವೇ ನಮ್ಮ 'ಇಸು' ರೂಪ! ರೆವೆಯೇ ಅಂದರೆ ಎಬ್ಬಿಸು. ಕೂಶೇ ಅಂದರೆ ಮಲಗಿಸು. ಅಸ್ವಾರ್ ಅಂದರೆ ಕೂರಿಸು. ಆರೆತೇ ಅಂದರೆ ನಿಲ್ಲಿಸು. ಪ್ರೊಮನೇ ಅಂದರೆ ಸುತ್ತಾಡಿಸು, ನಾಯಿಯನ್ನು ವಾಕಿಂಗ್ ಕರೆದುಕೊಂಡು ಹೋಗುವುದಕ್ಕೂ ಅದೇ. ಆಬಿಯೇ ಅಂದರೆ ಬಟ್ಟೆ ತೊಡಿಸು.

ಈಗ ಅವರಿಗೆ 'ಏಳು', 'ಮಲಗು' ಅನ್ನಬೇಕು. ಮೂಲದಲ್ಲೇ ಇಸು ಕೂತಿದೆಯಲ್ಲ, ಅದನ್ನು ತೆಗೆಯಬೇಕು. ಆ ಕೆಲಸಕ್ಕೇ 'ಸ' ಇರೋದು. ಸ ರೆವೆಯೇ ಅಂದರೆ ಎಚ್ಚರವಾಗು. ಸ ಕೂಶೇ, ಮಲಗು. ಸಾಸ್ವಾರ್, ಕೂರು. ಸಾರೆತೇ, ನಿಲ್ಲು. ಸ ಪ್ರೊಮನೇ, ಸುತ್ತಾಡು. ನಾವು ಇಸು ಹಾಕುವ ಕಡೆ ಅವರು ಏನೂ ಹಾಕಲ್ಲ, ನಾವು ಸುಮ್ಮನೆ ಬಿಡುವ ಕಡೆ ಅವರು ಸ ಹಾಕುತ್ತಾರೆ.

ಆದ್ದರಿಂದ ನಿಮ್ಮ ಮೊದಲ ವಾಕ್ಯ 'ಝ ರೆವೆಯ್ ಆ ಸೀಜರ್' ಕೇಳಿದವರಿಗೆ 'ಆರು ಗಂಟೆಗೆ ಎಬ್ಬಿಸುತ್ತೇನೆ' ಅಂತ ಕೇಳಿಸುತ್ತದೆ. ಯಾರನ್ನು? ಅಂತ ಕಾಯುತ್ತಾರೆ. 'ಝ ಮ ರೆವೆಯ್' ಅನ್ನಿ, ಆಯಿತು. ಅದೇ 'ಝ ರೆವೆಯ್ ಮೊಂ ಫೀಸ್' ಅಂದರೆ ಮಗನನ್ನು ಎಬ್ಬಿಸುತ್ತೇನೆ, ಅಲ್ಲಿ ಮ ಬೇಡ.

ಊಟಕ್ಕೆ ಯಾಕಿಲ್ಲ ಅಂದಿರಲ್ಲ, ಉತ್ತರ ಇದರಲ್ಲೇ ಇದೆ. ಮಾಂಝೇ ಅಂದರೆ ತಿನ್ನು, ತಿನ್ನಿಸು ಅಲ್ಲ. ತೆಗೆಯೋಕೆ ಇಸು ಇಲ್ಲ, ಹಾಗಾಗಿ ಸ ಬೇಡ. ಬ್ವಾರ್ ಕುಡಿ, ಪಾರ್ತೀರ್ ಹೊರಡು, ರಾಂತ್ರೇ ಮನೆಗೆ ವಾಪಸ್ ಬಾ, ತ್ರಾವಾಯೇ ಕೆಲಸ ಮಾಡು, ದೋರ್ಮೀರ್ ನಿದ್ದೆ ಮಾಡು. ಯಾವುದಕ್ಕೂ ಇಲ್ಲ. ಕೊನೆಯ ವಾಕ್ಯದ 'ಝ ಮ ದೋರ್' ಅದಕ್ಕೇ ತಪ್ಪು. ಅಲ್ಲಿ ಮೂರು ಬೇರೆ ಬೇರೆ ವಿಷಯ ಇದೆ ನೋಡಿ. ಹಾಸಿಗೆಗೆ ಹೋಗೋದು 'ಝ ಮ ಕೂಶ್'. ನಿದ್ದೆ ಹತ್ತೋದು 'ಝ ಮಾಂದೋರ್'. ನಿದ್ದೆಯಲ್ಲಿರೋದು 'ಝ ದೋರ್', ಮ ಇಲ್ಲದೆ. ಹನ್ನೊಂದಕ್ಕೆ ಅಂತ ಹೊತ್ತು ಹೇಳುವಾಗ ಮೊದಲನೆಯದು ಸರಿ.

ಒಂದು ಎಚ್ಚರಿಕೆ. ಕೂಶೇಗೆ ಮ ಹಾಕೋದು ಮರೆತು ಪಕ್ಕದಲ್ಲಿ ಯಾರದ್ದಾದರೂ ಹೆಸರು ಸೇರಿಸಿ 'ಅವರ ಜೊತೆ' ಅಂತ ಹೇಳಿಬಿಟ್ಟರೆ ಅರ್ಥ ಎಲ್ಲಿಗೋ ಹೋಗುತ್ತದೆ. ಪರೀಕ್ಷೆ ಮಾಡುವವರು ನಗು ತಡೆದುಕೊಳ್ಳಬೇಕಾಗುತ್ತದೆ. ಜಾಸ್ತಿ ಬಿಡಿಸಿ ಹೇಳಲ್ಲ.

ತುಮಕೂರು_ಲೋಕಲ್:

ಮೇಡಂ, ಇದನ್ನು ಯಾರೂ ಹೀಗೆ ಹೇಳಿರಲಿಲ್ಲ. ಹಾಗಾದರೆ ಕೈ ತೊಳೆಯೋದು? ತೊಳೆ ಅನ್ನೋದಕ್ಕೆ ಇಸು ಲೆಕ್ಕ ಬರಲ್ಲ ಅಲ್ವಾ?

ಬಸವನಗುಡಿ_ಟೀಚರ್:

ಬರಲ್ಲ. ಅಲ್ಲಿ ನಮ್ಮ 'ಕೊಳ್ಳು' ಕೆಲಸಕ್ಕೆ ಬರುತ್ತದೆ. ಪಾತ್ರೆ ತೊಳೆಯುತ್ತೇನೆ, ಮುಖ ತೊಳೆದುಕೊಳ್ಳುತ್ತೇನೆ. ಮಗಳ ತಲೆ ಬಾಚುತ್ತೇನೆ, ತಲೆ ಬಾಚಿಕೊಳ್ಳುತ್ತೇನೆ. ನೆಲ ಒರೆಸುತ್ತೇನೆ, ಕೈ ಒರೆಸಿಕೊಳ್ಳುತ್ತೇನೆ. ಲಾವೇ ಮತ್ತು ಸ ಲಾವೇ, ಪೆನ್ಯೇ ಮತ್ತು ಸ ಪೆನ್ಯೇ, ಎಸ್ಯುಯಿಯೇ ಮತ್ತು ಸೆಸ್ಯುಯಿಯೇ. ಒಂದಕ್ಕೊಂದು ಹಾಗೇ ಕೂರುತ್ತವೆ. ಹಲ್ಲುಜ್ಜಿಕೊಳ್ಳೋದು ಸ ಬ್ರೊಸೇ ಲೇ ದಾಂ, ಗಡ್ಡ ಬೋಳಿಸಿಕೊಳ್ಳೋದು ಸ ರಾಜೇ.

ಇನ್ನೊಂದು ಗಮನಿಸಿ. ಕನ್ನಡದಲ್ಲಿ 'ನಾನು ನನ್ನ ಕೈಯನ್ನು ತೊಳೆದೆ' ಅಂತ ಯಾರಾದರೂ ಅನ್ನುತ್ತಾರಾ? ಕೈ ತೊಳೆದುಕೊಂಡೆ ಅಷ್ಟೇ. ಕೊಳ್ಳು ಬಂದ ಮೇಲೆ ಯಾರ ಕೈ ಅಂತ ಬೇರೆ ಹೇಳಬೇಕಿಲ್ಲ. ಫ್ರೆಂಚ್‌ನಲ್ಲೂ ಹಾಗೇ. 'ಮೇ ಮ್ಯಾಂ', ಅಂದರೆ ನನ್ನ ಕೈಗಳು, ಬೇಡ. 'ಲೇ ಮ್ಯಾಂ' ಸಾಕು. ಝ ಮ ಲಾವ್ ಲೇ ಮ್ಯಾಂ. 'ಮೇ ಮ್ಯಾಂ' ನಮಗೆ ಬರೋದು ಇಂಗ್ಲಿಷಿನಿಂದ. ನಾವು ಕನ್ನಡದವರು ಇಂಗ್ಲಿಷ್ ಮೂಲಕ ಫ್ರೆಂಚ್ ಕಲಿಯೋದರಲ್ಲಿ ಇರುವ ದೊಡ್ಡ ತೊಂದರೆ ಇದೇ ಅಂತ ನನ್ನ ಅಭಿಪ್ರಾಯ. ಇಂಗ್ಲಿಷ್‌ನಲ್ಲಿ ಇಸುವೂ ಇಲ್ಲ, ಕೊಳ್ಳುವೂ ಇಲ್ಲ. ಇರುವ ಎರಡು ಒಳ್ಳೆ ಸಾಧನ ಬಿಟ್ಟು ಇಲ್ಲದವರ ಹತ್ತಿರ ಸಾಲ ಕೇಳಿದ ಹಾಗೆ.

ನೇರಮಾತು:

ಕ್ಷಮಿಸಿ ಮೇಡಂ, ನಾನು ಒಪ್ಪಲ್ಲ. ಕನ್ನಡದ ಮೂಲಕ ಹೋಗೋದೂ ಅಷ್ಟೇ ಅಪಾಯ. ಓದಿಕೊಳ್ಳುತ್ತೇನೆ ಅಂತೀವಿ, ಅದಕ್ಕೆ 'ಝ ಮ ಲೀ' ಅಂದರೆ ನಗುತ್ತಾರೆ. ನೋಡಿಕೊಳ್ಳುತ್ತೇನೆ ಅಂದರೆ ಮಗುವನ್ನು ನೋಡಿಕೊಳ್ಳೋದು, ಫ್ರೆಂಚ್‌ನ ಸ ರಗಾರ್ದೇ ಅಂದರೆ ಕನ್ನಡಿಯಲ್ಲಿ ತನ್ನನ್ನು ನೋಡಿಕೊಳ್ಳೋದು. ತಿಂದುಕೊಂಡು ಹೋಗು, ಹಾಡಿಕೊಂಡು ಬಂದ, ಇವಕ್ಕೆಲ್ಲ ಸ ಹಾಕುತ್ತೀರಾ? ಕೊಳ್ಳು ನಮ್ಮಲ್ಲಿ ಹತ್ತು ಕೆಲಸ ಮಾಡುತ್ತದೆ. ಸ ರಂಪ ಮಾಡೋದು ಬೇರೆ ಹತ್ತು ಕಡೆ.

ನನ್ನ ಪ್ರಕಾರ ಒಂದೇ ದಾರಿ. ಇಡೀ ವಾಕ್ಯವನ್ನೇ ಬಾಯಿಗೆ ಹತ್ತಿಸಿಕೊಳ್ಳಿ. ಝ ಮಾಪೆಲ್ ಅಂತ ಹೆಸರು ಹೇಳೋದನ್ನು ಎಲ್ಲರೂ ಮೊದಲ ದಿನವೇ ಕಲಿಯುತ್ತಾರೆ. ಅದೂ ಸ ಇರುವ ಪದವೇ. ಸಾಪಲೇ. ಅಲ್ಲಿ ಯಾರೂ 'ನನ್ನನ್ನು ನಾನೇ ಯಾಕೆ ಕರೆದುಕೊಳ್ಳುತ್ತೇನೆ' ಅಂತ ತಲೆ ಕೆಡಿಸಿಕೊಳ್ಳಲಿಲ್ಲ. ಉಳಿದವನ್ನೂ ಹಾಗೇ ಕಲಿಯಿರಿ. ಯೋಚಿಸುತ್ತಾ ಕೂತರೆ ಮಾತು ಬರಲ್ಲ.

ಬಸವನಗುಡಿ_ಟೀಚರ್:

ನೇರಮಾತು ಸರ್, ಓದಿಕೊಳ್ಳೋದರ ಬಗ್ಗೆ ನೀವು ಹೇಳಿದ್ದು ನಿಜ. ಎಲ್ಲ ಕೊಳ್ಳುಗೂ ಸ ಇಲ್ಲ. ಅದಕ್ಕೇ ನಾನು ದೇಹಕ್ಕೆ ಮಾಡಿಕೊಳ್ಳುವ ಕೆಲಸಗಳಿಗೆ ಮಾತ್ರ ಕೊಳ್ಳು ತಂದೆ. ಆದರೆ ತಲೆಯೊಳಗಿನ ಕೆಲಸಗಳಲ್ಲೂ ಕೆಲವು ಕಡೆ ಎಷ್ಟು ಸರಿಯಾಗಿ ಕೂರುತ್ತೆ ನೋಡಿ. ರಾಪಲೇ ಅಂದರೆ ನೆನಪಿಸು, ಸ ರಾಪಲೇ ಅಂದರೆ ನೆನಪಿಸಿಕೊಳ್ಳು. ದೀರ್ ಅಂದರೆ ಅನ್ನು, ಸ ದೀರ್ ಅಂದರೆ ಅಂದುಕೊಳ್ಳು. ಇದನ್ನು ಬಿಟ್ಟುಬಿಡಿ ಅಂದರೆ ಹೇಗೆ?

ಇಡೀ ವಾಕ್ಯ ಬಾಯಿಪಾಠ ಮಾಡಿ ಅನ್ನೋದಕ್ಕೆ ನನ್ನ ವಿರೋಧ ಇಲ್ಲ. ಆದರೆ 'ಝ ಮ ಲೆವ್' ಬಾಯಿಪಾಠ ಆದವರೇ 'ನಾಳೆ ಬೇಗ ಮಲಗುತ್ತೇನೆ' ಅನ್ನೋಕೆ 'ಝ ವೇ ಸ ಕೂಶೇ' ಅಂತಾರೆ. ಶಬ್ದಕೋಶದಲ್ಲಿ ಸ ಕೂಶೇ ಅಂತ ಇದೆಯಲ್ಲ, ಹಾಗೇ ಎತ್ತಿ ಹಾಕುತ್ತಾರೆ. ಆ ಸ ಶಬ್ದಕೋಶದ ಹೊದಿಕೆ ಅಷ್ಟೇ, ವಾಕ್ಯಕ್ಕೆ ಬಂದಾಗ ಆಳಿನ ಜೊತೆ ಬದಲಾಗಬೇಕು. ಝ ವೇ ಮ ಕೂಶೇ. ತ್ಯು ವಾ ತ ಕೂಶೇ. ನೂಜಾಲೋಂ ನೂ ಕೂಶೇ. ಇದು ಬಾಯಿಪಾಠದಿಂದ ಬರಲ್ಲ, ಯಾಕೆ ಅಂತ ಗೊತ್ತಿದ್ದರೆ ಬರುತ್ತೆ.

ಯಾವ ಲೆಕ್ಕಕ್ಕೂ ಸಿಗದ ಪದಗಳೂ ಇವೆ ಅಂತ ಒಪ್ಪುತ್ತೇನೆ. ಸ ದೆಪೆಶೇ, ಬೇಗ ಮಾಡು. ಸಾಂನಾಲೇ, ಹೊರಟುಹೋಗು. ಸ ಮೊಕೇ, ಗೇಲಿ ಮಾಡು. ಅಲ್ಲಿ ನಿಮ್ಮ ದಾರಿಯೇ ಸರಿ, ಸುಮ್ನೆ ಕಲಿತುಬಿಡಬೇಕು.

ಚಳಿಗಾಲ_ಮಾಂಟ್ರಿಯಲ್:

ಇಬ್ಬರದ್ದೂ ಸರಿ ಇದೆ, ಜಗಳ ಬೇಡ. ನಾನು ಬರೋ ಮೊದಲು ಬೆಂಗಳೂರಲ್ಲೇ ಕಲಿತವನು. ಇಲ್ಲಿಗೆ ಬಂದ ಮೇಲೆ ಗೊತ್ತಾಗಿದ್ದು ಏನು ಅಂದರೆ ಪುಸ್ತಕದ 'ನೂ ನೂ ಲವೋಂ' ಮನೆಮಾತಿನಲ್ಲಿ ಕಿವಿಗೆ ಬೀಳೋದು ಕಡಿಮೆ. 'ನಾವು' ಅನ್ನೋಕೆ ಎಲ್ಲರೂ 'ಓಂ' ಅಂತಾರೆ. ಓಂ ಸ ಲೆವ್, ಓಂ ಸ ಕೂಶ್. ಕ್ರಿಯಾಪದ 'ಅವನು' ರೂಪದಲ್ಲೇ ಇರುತ್ತೆ, ಸ ಬದಲಾಗಲ್ಲ, ನಾಲಿಗೆಗೂ ಸುಲಭ. ಪರೀಕ್ಷೆಯಲ್ಲಿ ಮನೆಯವರ ದಿನಚರಿ ಕೇಳಿದರೆ ಬಾಯಿಮಾತಿಗೆ ಓಂ ಧಾರಾಳವಾಗಿ ನಡೆಯುತ್ತೆ.

ಇಲ್ಲಿ ಕೆಬೆಕ್‌ನಲ್ಲಿ, ಅಂದರೆ ಕೆನಡಾದ ಫ್ರೆಂಚ್ ಮಾತಾಡುವ ಪ್ರಾಂತ್ಯದಲ್ಲಿ, ಪ್ರಶ್ನೆ ಕೇಳುವಾಗ ಕೊನೆಗೊಂದು 'ತ್ಯು' ಸೇರಿಸುತ್ತಾರೆ, ಅದನ್ನು ಅವರು 'ತ್ಸು' ಅಂತಲೇ ಉಚ್ಚರಿಸೋದು. 'ತ್ಸು ತ ಲೆವ್-ತ್ಸು ದ ಬೊನರ್?' ಅಂದರೆ ಬೇಗ ಏಳ್ತೀಯಾ? ಮೂರು ತ-ತ್ಸು ಒಟ್ಟಿಗೆ ಕೇಳಿದಾಗ ತೊದಲುತ್ತಿದ್ದಾರೇನೋ ಅನಿಸುತ್ತೆ. ಕೊನೆಯ ತ್ಸು ನಮ್ಮ 'ಆ' ಇದ್ದ ಹಾಗೆ, ಏಳ್ತೀಯ-ಆ. 'ನೀನು' ಅಂತ ಅರ್ಥ ಅಲ್ಲ. ಪರೀಕ್ಷೆಯಲ್ಲಿ ಬಳಸಬೇಡಿ, ಬಸ್ಸಲ್ಲಿ ಕೇಳಿದರೆ ಗಾಬರಿ ಬೀಳಬೇಡಿ.

ದಿನಚರಿ ಅಂದಮೇಲೆ ಊಟದ ಹೆಸರೂ ನೋಡಿಕೊಳ್ಳಿ. ಫ್ರಾನ್ಸ್‌ನಲ್ಲಿ ಬೆಳಗಿನ ತಿಂಡಿ ಪತಿ ದೆಝನೇ, ಮಧ್ಯಾಹ್ನ ದೆಝನೇ, ರಾತ್ರಿ ದಿನೇ. ಇಲ್ಲಿ ಬೆಳಗಿನದೇ ದೆಝನೇ, ಮಧ್ಯಾಹ್ನ ದಿನೇ, ರಾತ್ರಿ ಸೂಪೇ. ಯಾರಾದರೂ ದಿನೇಗೆ ಬನ್ನಿ ಅಂತ ಕರೆದರೆ ಗಂಟೆ ಎಷ್ಟಕ್ಕೆ ಅಂತ ಕೇಳಿಕೊಳ್ಳೋದು ಒಳ್ಳೇದು.

ತುಲೂಸ್_ತಿಂಡಿಪೋತ:

ಲೋಕಲ್ ಗುರುವೇ, ನಿಮ್ಮ 'ಝ ಮ ಬ್ವಾ ಅಂ ಕಫೇ' ನೋಡಿ ಖುಷಿಯಾಯಿತು. ಪುಸ್ತಕದ ಪ್ರಕಾರ ತಪ್ಪು, ಟೀಚರ್ ಮೇಡಂ ಹೇಳಿದ ಹಾಗೆ ಬ್ವಾರ್‌ಗೆ ಸ ಇಲ್ಲ. ಆದರೆ ನಾನಿರುವ ದಕ್ಷಿಣ ಫ್ರಾನ್ಸ್‌ನಲ್ಲಿ ಜನ ದಿನಾ ಹೀಗೇ ಮಾತಾಡುತ್ತಾರೆ! 'ಓಂ ಸ ಬ್ವಾ ಅಂ ಕಫೇ?' ಅಂತ ಸಹೋದ್ಯೋಗಿಗಳು ಕೇಳುತ್ತಾರೆ. 'ಝ ಮ ಮಾಂಝ್ ಯ್ಯುನ್ ಪಿಜ್ಜಾ' ಅಂತಲೂ ಅಂತಾರೆ. ಆ ಮ ಇರೋದು ವ್ಯಾಕರಣಕ್ಕಲ್ಲ, ಮಜಾಕ್ಕೆ. ಆರಾಮಾಗಿ, ನನ್ನ ಸುಖಕ್ಕೆ ಅಂತ ಒಂದು ಛಾಯೆ. 'ಬಾ, ಒಂದ್ ಕಾಫಿ ಕುಡ್ಕೊಂಡ್ ಬರೋಣ' ಅನ್ನುವಾಗ ನಮ್ಮ ಬಾಯಲ್ಲಿ ಬರುವ ಆ ಸಡಿಲತನ ಇದೆಯಲ್ಲ, ಹೆಚ್ಚು ಕಡಿಮೆ ಅದೇ.

ಪರೀಕ್ಷೆಗೆ ಬೇಡ. ಅಲ್ಲಿ ಝ ಬ್ವಾ ಅಂ ಕಫೇ. ಮನೆಯಲ್ಲಿ ನೀವೇ ಕಾಫಿ ಮಾಡಿಕೊಳ್ಳೋರಾದರೆ 'ಝ ಮ ಫೇ ಅಂ ಕಫೇ' ಅನ್ನಿ, ಅದು ಎಲ್ಲ ಕಡೆಯೂ ಸರಿ. ಕಾಫಿ ಮಾಡಿಕೊಳ್ಳುತ್ತೇನೆ ಅಂತಲೇ ಅರ್ಥ.

ಸ್ನಾನಕ್ಕೂ ಎರಡು ದಾರಿ ಇವೆ. ಝ ಮ ದೂಶ್ ಅನ್ನಬಹುದು, ಇಲ್ಲಾ ಝ ಪ್ರಾಂ ಯ್ಯುನ್ ದೂಶ್. ಎರಡನೆಯದಕ್ಕೆ ಮ ಬೇಡ. ಎರಡನ್ನೂ ಸೇರಿಸಿ ಕಲಸಬೇಡಿ.

ಪಿಯುಸಿ_ಪರದಾಟ:

ಎಲ್ಲರಿಗೂ ಹಾಯ್. ಸೆಕೆಂಡ್ ಪಿಯುಸಿ, ಫ್ರೆಂಚ್ ತಗೊಂಡಿದ್ದೇನೆ. ವರ್ತಮಾನ ಕಾಲ ಹೇಗೋ ಆಗುತ್ತೆ. ಪಾಸೇ ಕೊಂಪೋಜೇ, ಅಂದರೆ ಭೂತಕಾಲ, ಬಂದರೆ ಸಾಕು, ನನ್ನ ಕಥೆ ಮುಗೀತು. 'ಅವಳು ಸ್ನಾನ ಮಾಡಿದಳು' ಅಂತ ಬರೆದರೆ ಕೊನೆಗೆ ಇನ್ನೊಂದು ಇ ಅಕ್ಷರ ಬೇಕು ಅಂತಾರೆ. 'ಅವಳು ಕೈ ತೊಳೆದುಕೊಂಡಳು' ಅಂತ ಬರೆದು ಆ ಇ ಹಾಕಿದರೆ ಬೇಡ ಅಂತ ಅಂಕ ಕಳೀತಾರೆ. ಅದೇ ಪದ, ಅದೇ ಹುಡುಗಿ! ಮಾತಾಡುವಾಗ ಎರಡೂ ಒಂದೇ ಥರ ಕೇಳಿಸುತ್ತೆ ಬೇರೆ.

ಬಸವನಗುಡಿ_ಟೀಚರ್:

ಮಗು, ಇದಕ್ಕೆ ಕನ್ನಡದ ವಿಭಕ್ತಿ ಸಾಕು.

ಮೊದಲು ಒಂದು ಮಾತು. ಸ ಇರುವ ಎಲ್ಲ ಕ್ರಿಯಾಪದಗಳೂ ಪಾಸೇ ಕೊಂಪೋಜೇಯಲ್ಲಿ ಸಹಾಯಕ ಕ್ರಿಯಾಪದವಾಗಿ ಎತ್ರ್ (ಇರು) ತಗೊಳ್ಳುತ್ತವೆ, ಅವ್ವಾರ್ (ಹೊಂದಿರು) ಅಲ್ಲ. ಝೇ ಲಾವೇ ಲಾ ವ್ವಾತ್ಯುರ್, ಕಾರು ತೊಳೆದೆ, ಇಲ್ಲಿ ಅವ್ವಾರ್. ಝ ಮ ಸ್ಯುಯಿ ಲಾವೇ, ಮೈ ತೊಳೆದುಕೊಂಡೆ, ಇಲ್ಲಿ ಎತ್ರ್. ಇದಕ್ಕೆ ವಿನಾಯಿತಿ ಇಲ್ಲ.

ಈಗ ಆ ಇ ಅಕ್ಷರ. ವಾಕ್ಯದಲ್ಲಿರುವ ಸ 'ತನ್ನನ್ನು' ಆಗಿದೆಯೋ 'ತನಗೆ' ಆಗಿದೆಯೋ ಕೇಳಿಕೋ. ಎಲ್ ಸೇ ಲಾವೇ, ಅವಳು ತೊಳೆದದ್ದು ಯಾರನ್ನು? ತನ್ನನ್ನು. ಅವಳು ಹೆಣ್ಣು, ಇ ಹಾಕು. ಎಲ್ ಸೇ ಲಾವೇ ಲೇ ಮ್ಯಾಂ, ತೊಳೆದದ್ದು ಏನನ್ನು? ಕೈಗಳನ್ನು. 'ಅನ್ನು' ಜಾಗಕ್ಕೆ ಕೈ ಬಂದು ಕೂತುಬಿಟ್ಟಿತು. ಸ ಪಾಪ 'ತನಗೆ' ಆಗಿ ಪಕ್ಕಕ್ಕೆ ಸರಿಯಿತು. 'ತನಗೆ' ಆದರೆ ಇ ಬೇಡ. ಹಲ್ಲುಜ್ಜುವಾಗಲೂ ಹೀಗೇ, ಹಲ್ಲು ಅನ್ನೋ ಪದ ಕ್ರಿಯಾಪದ ಆದ ಮೇಲೆ ಬಂತು, ಇ ಬೇಡ.

ಇಬ್ಬರ ವಿಷಯಕ್ಕೂ ಇದೇ. ಒಬ್ಬರನ್ನೊಬ್ಬರು ನೋಡಿದರು, ಇಲ್ ಸ ಸೋಂ ವ್ಯು, 'ಅನ್ನು' ಇದೆ, ಬಹುವಚನದ ಎಸ್ ಹಾಕು. ಒಬ್ಬರಿಗೊಬ್ಬರು ಫೋನ್ ಮಾಡಿದರು, ಇಲ್ ಸ ಸೋಂ ತೆಲೆಫೊನೇ, 'ಗೆ' ಇದೆ, ಎಸ್ ಬೇಡ.

ನೇರಮಾತು:

ಇಲ್ಲಿ ತಡೆಯಿರಿ. ಇದು ಪರೀಕ್ಷೆಯಲ್ಲಿ ಮಗುವಿಗೆ ಅಂಕ ಕಳೆಯುತ್ತೆ. 'ಒಬ್ಬರಿಗೊಬ್ಬರು ಸಹಾಯ ಮಾಡಿದರು'. ಕನ್ನಡದಲ್ಲಿ ಗೆ. ನಿಮ್ಮ ಲೆಕ್ಕದಲ್ಲಿ ಎಸ್ ಬೇಡ. ಆದರೆ ಫ್ರೆಂಚ್‌ನಲ್ಲಿ ಎದೇ (ಸಹಾಯ ಮಾಡು) ನೇರ ಕರ್ಮ, ಅಂದರೆ 'ಅನ್ನು', ತಗೊಳ್ಳುತ್ತೆ, ಇಲ್ ಸ ಸೋಂತೆದೇ ಬರೆಯುವಾಗ ಎಸ್ ಬೇಕೇ ಬೇಕು. ತಿರುಗಾ ಇನ್ನೊಂದು. ನಾವು 'ಅವನನ್ನು ಕೇಳಿದೆ' ಅಂತೀವಿ, ಅನ್ನು. ಫ್ರೆಂಚ್‌ನ ದಮಾಂದೇ ಪಕ್ಕದಲ್ಲಿ 'ಆ' ಬೇಕು, ಅಂದರೆ ಗೆ. 'ಎಲ್ ಸೇ ದಮಾಂದೇ', ಅವಳು ತನ್ನನ್ನೇ ಕೇಳಿಕೊಂಡಳು, ಕನ್ನಡದಲ್ಲಿ ಅನ್ನು ಇದ್ದರೂ ಅಲ್ಲಿ ಇ ಬೇಡ.

ಬಸವನಗುಡಿ_ಟೀಚರ್:

ಸರಿಯಾದ ಮಾತು, ಇದನ್ನು ಸೇರಿಸಲೇಬೇಕು. ಪರದಾಟ, ಗಮನವಿಟ್ಟು ಓದು. ಅನ್ನು-ಗೆ ಪ್ರಶ್ನೆ ಕೇಳಬೇಕಾದ್ದು ಫ್ರೆಂಚ್ ಕ್ರಿಯಾಪದಕ್ಕೆ. ಆ ಕ್ರಿಯಾಪದದ ಪಕ್ಕ ಮನುಷ್ಯರ ಹೆಸರು ಬಂದಾಗ ನಡುವೆ 'ಆ' ಬರುತ್ತಾ? ಬಂದರೆ ಗೆ. ತೆಲೆಫೊನೇ ಆ (ಫೋನ್ ಮಾಡು), ಪಾರ್ಲೇ ಆ (ಮಾತಾಡು), ದೀರ್ ಆ (ಹೇಳು), ದಮಾಂದೇ ಆ (ಕೇಳು), ಎಕ್ರೀರ್ ಆ (ಬರೆ). ಈ ಐದು ಗೊತ್ತಿದ್ದರೆ ನಿನ್ನ ಪರೀಕ್ಷೆಗೆ ಸಾಕಾಗುತ್ತೆ. ದಿನಚರಿಯ ಪದಗಳಲ್ಲಿ ಈ ತಕರಾರೇ ಇಲ್ಲ. ಅಲ್ಲಿ ದೇಹದ ಭಾಗದ ಹೆಸರು ಕ್ರಿಯಾಪದ ಆದ ಮೇಲೆ ಬಂತಾ ಇಲ್ವಾ ಅಂತ ನೋಡಿಕೊಂಡರೆ ಮುಗೀತು.

ಫ್ರೆಂಚರ ಮಕ್ಕಳೂ ಇದರಲ್ಲಿ ತಪ್ಪುತ್ತಾರೆ, ಬೇಜಾರು ಮಾಡಿಕೊಳ್ಳಬೇಡ. ಕಿವಿಗೆ ಕೇಳಿಸದ ಅಕ್ಷರ ಅದು.

ಹೋಂವರ್ಕ್_ಅಪ್ಪ:

ನಾನು ಫ್ರೆಂಚ್ ಓದಿದವನಲ್ಲ. ಮಗಳು ಆರನೇ ಕ್ಲಾಸು, ಸ್ಕೂಲಲ್ಲಿ ಮೂರನೇ ಭಾಷೆ ಫ್ರೆಂಚ್. ಅವಳ ಜೊತೆ ಕೂತು ನಾನೂ ಕಲಿಯುತ್ತಿದ್ದೇನೆ. ಬೆಳಿಗ್ಗೆ ಮನೆಯಲ್ಲಿ ನಾಲ್ಕು ಮಾತು ಫ್ರೆಂಚ್‌ನಲ್ಲೇ ಆಡೋಣ ಅಂತ ಅವಳ ಹಠ. ಏಳು, ಬೇಗ ಬೇಗ, ಹಲ್ಲುಜ್ಜಿಕೋ, ಇಷ್ಟು ಹೇಳಿಕೊಡಿ ಸ್ವಾಮಿ.

ಚಳಿಗಾಲ_ಮಾಂಟ್ರಿಯಲ್:

ಅಪ್ಪಾ ಸಾಹೇಬರೇ, ನಮ್ಮನೆಯಲ್ಲಿ ಬೆಳಿಗ್ಗೆ ಆಡೋದೇ ಇಷ್ಟು. ಏಳು, ಲೆವ್-ತ್ವಾ. ಬೇಗ ಮಾಡು, ದೆಪೆಶ್-ತ್ವಾ. ಬಟ್ಟೆ ಹಾಕಿಕೋ, ಆಬಿಯ್-ತ್ವಾ. ಹಲ್ಲುಜ್ಜಿಕೋ, ಬ್ರೊಸ್-ತ್ವಾ ಲೇ ದಾಂ. ಕೂತ್ಕೋ, ಅಸ್ಯೇ-ತ್ವಾ. ಇದನ್ನು ಇಲ್ಲಿ ಅಸಿ-ತ್ವಾ ಅಂತಲೂ ಅಂತಾರೆ, ಪುಸ್ತಕದಲ್ಲಿ ಹಾಗೆ ಬರೆಯಬಾರದು.

ನೋಡಿ, ಆಜ್ಞೆ ಮಾಡುವಾಗ 'ತ' ಹಿಂದಕ್ಕೆ ಹೋಗಿ 'ತ್ವಾ' ಆಗುತ್ತೆ. ಬೇಡ ಅನ್ನುವಾಗ ಮತ್ತೆ ಮುಂದಕ್ಕೆ ಬಂದು ತ ಆಗುತ್ತೆ. ನ ತ ಲೆವ್ ಪಾ, ಏಳಬೇಡ. ಭಾನುವಾರ ಇದು ಬೇಕಾಗುತ್ತೆ. ಇಬ್ಬರು ಮಕ್ಕಳಿದ್ದರೆ ತ್ವಾ ಬದಲು ವೂ, ದೆಪೆಶೇ-ವೂ.

'ಚಿಂತೆ ಮಾಡಬೇಡ' ಅನ್ನೋಕೆ ಪುಸ್ತಕದಲ್ಲಿ ನ ತ್ಯಾಂಕ್ಯೆತ್ ಪಾ. ಮಾತಿನಲ್ಲಿ ನ ಬಿದ್ದು ಹೋಗಿ ತ್ಯಾಂಕ್ಯೆತ್ ಪಾ ಆಗುತ್ತೆ.

ತುಲೂಸ್_ತಿಂಡಿಪೋತ:

ಫ್ರಾನ್ಸ್‌ನಲ್ಲಿ ಪಾ ಕೂಡ ಬಿದ್ದು ಹೋಗುತ್ತೆ. ಬರೀ 'ತ್ಯಾಂಕ್ಯೆತ್!' ಅಂತಾರೆ. ಅಕ್ಷರಶಃ ನೋಡಿದರೆ 'ಚಿಂತೆ ಮಾಡು' ಅಂತಾಗುತ್ತೆ. ಅರ್ಥ ಮಾತ್ರ 'ಬಿಡು, ನಾನಿದ್ದೇನೆ'. ಶುರುವಿನಲ್ಲಿ ಒಂಥರಾ ಭಯ ಹುಟ್ಟಿಸುತ್ತೆ.

ಏಳೋದರ ಮಾತು ಬಂತಲ್ಲ, 'ಸ ಲವೇ ದ್ಯು ಪ್ಯೇ ಗೋಶ್' ಅಂತ ಒಂದು ನುಡಿಗಟ್ಟಿದೆ, ಎಡಗಾಲು ಮೊದಲಿಟ್ಟು ಏಳೋದು ಅಂತ. ಬೆಳಿಗ್ಗೆ ಬೆಳಿಗ್ಗೆಯೇ ಸಿಡಸಿಡ ಅನ್ನೋರಿಗೆ ಹೇಳೋದು. ನಮ್ಮಜ್ಜಿ 'ಯಾವ ಮಗ್ಗುಲಲ್ಲಿ ಎದ್ದೆಯೋ ಇವತ್ತು' ಅನ್ನೋರಲ್ಲ, ಅದೇ. ಕೋಳಿ ಗೂಡು ಸೇರೋ ಹೊತ್ತಿಗೇ ಮಲಗುವವರಿಗೆ 'ಸ ಕೂಶೇ ಕೊಂ ಲೇ ಪೂಲ್', ಕೋಳಿಗಳ ಹಾಗೆ ಮಲಗೋದು. ರಜೆಯ ದಿನ ಹೊತ್ತೇರುವ ತನಕ ಬಿದ್ದುಕೊಂಡಿರೋದಕ್ಕೆ 'ಫೇರ್ ಲಾ ಗ್ರಾಸ್ ಮಾತಿನೇ'. ಅದಕ್ಕೆ ಸ ಇಲ್ಲ, ಸೋಮಾರಿತನಕ್ಕೆ ಅಷ್ಟು ಶ್ರಮ ಯಾಕೆ ಅಂತಿರಬೇಕು!

ಬಸವನಗುಡಿ_ಟೀಚರ್:

ಇದೇ ಪದಗಳು ಇತಿಹಾಸದಲ್ಲೂ ಸಿಗುತ್ತವೆ. 1682ರಲ್ಲಿ ಫ್ರಾನ್ಸ್‌ನ ರಾಜ 14ನೇ ಲೂಯಿ ತನ್ನ ಆಸ್ಥಾನವನ್ನು ವೆರ್ಸಾಯ್ ಅರಮನೆಗೆ ಸಾಗಿಸಿದ. ಅಲ್ಲಿ ರಾಜ ಬೆಳಿಗ್ಗೆ ಏಳೋದೇ ಒಂದು ಸಮಾರಂಭ. ಅದರ ಹೆಸರು 'ಲ ಲವೇ'. ರಾತ್ರಿ ಮಲಗೋದು 'ಲ ಕೂಶೇ'. ಆಸ್ಥಾನದವರು ಸುತ್ತ ನಿಂತಿರುತ್ತಿದ್ದರು, ಅಂಗಿ ಎತ್ತಿಕೊಡೋದೂ ದೊಡ್ಡ ಗೌರವ. ಕ್ಲಾಸಿನಲ್ಲಿ ನಾನು ಇದನ್ನು ಹೇಳೋದು ಒಂದೇ ಕಾರಣಕ್ಕೆ. ನಾವು ನೀವು ನೂ ನೂಜಾಬಿಯೋಂ, ಬಟ್ಟೆ ತೊಡುತ್ತೇವೆ. ರಾಜನ ವಿಷಯದಲ್ಲಿ ಓಂ ಲಾಬಿಯೇ, ಅವನಿಗೆ ತೊಡಿಸುತ್ತಿದ್ದರು (ಇಲ್ಲಿ ಓಂ ಅಂದರೆ 'ನಾವು' ಅಲ್ಲ, ಬೇರೆ ಜನ). ಸ ಇಲ್ಲ! ಇದೊಂದು ಉದಾಹರಣೆ ಹೇಳಿದರೆ ಮಕ್ಕಳಿಗೆ ಆಬಿಯೇ ಮತ್ತು ಸಾಬಿಯೇ ಮತ್ತೆ ಕಲಸಿಹೋಗಲ್ಲ.

ತುಮಕೂರು_ಲೋಕಲ್:

ಎಲ್ಲ ಓದಿಕೊಂಡು ಮತ್ತೆ ಬರೆದೆ. ಸ್ವಲ್ಪ ಜಾಸ್ತಿಯೂ ಸೇರಿಸಿದ್ದೇನೆ.

'ಝ ಮ ರೆವೆಯ್ ಆ ಸೀಜರ್, ಮೇ ಝ ನ ಮ ಲೆವ್ ಪಾ ತು ದ ಸ್ಯುಯಿತ್. ಝ ಮ ಬ್ರೊಸ್ ಲೇ ದಾಂ, ಝ ಮ ದೂಶ್, ಝ ಮಾಬಿಯ್. ಝ ಮ ಫೇ ಅಂ ಕಫೇ. ಝ ಪಾರ್ ಆ ನವರ್. ಲ ಸ್ವಾರ್, ಓಂ ಸ ಪ್ರೊಮೆನ್. ಝ ಮ ಕೂಶ್ ಆ ಓಂಜರ್ ಎ ಝ ಮಾಂದೋರ್ ವಿತ್.'

ಎಚ್ಚರ ಆದರೂ ತಕ್ಷಣ ಏಳಲ್ಲ ಅಂತ ಒಂದು ನಕಾರ ಸೇರಿಸಿದೆ. ನ ಎಲ್ಲಿ ಬರುತ್ತೆ ಅನ್ನೋದು ಅನುಮಾನ ಇತ್ತು.

ಬಸವನಗುಡಿ_ಟೀಚರ್:

ಪೂರ್ತಿ ಸರಿ. ನ ಮೊದಲು, ಆಮೇಲೆ ಮ, ಆಮೇಲೆ ಕ್ರಿಯಾಪದ, ಕೊನೆಗೆ ಪಾ. ನಿನ್ನೆಯ ದಿನ ಹೇಳಿ ಅಂದರೆ ಝ ನ ಮ ಸ್ಯುಯಿ ಪಾ ಲವೇ. ಅಲ್ಲಿ ಪಾ ನಡುವೆ ಬರುತ್ತೆ.

ಬರೆಯುವಾಗ ಒಂದು ನೋಡಿಕೊಳ್ಳಿ. ಲೆವ್ ಅನ್ನೋ ಉಚ್ಚಾರ ಬರುವ ಕಡೆಯೆಲ್ಲ ಮೊದಲ ಇ ಅಕ್ಷರದ ಮೇಲೆ ಎಡಕ್ಕೆ ವಾಲಿದ ಗೆರೆ ಬೇಕು. ಲವೋಂ, ಲವೇ ಆದಾಗ ಆ ಗೆರೆ ಇರಲ್ಲ. ಪ್ರೊಮೆನ್ ಮತ್ತು ಪ್ರೊಮನೋಂಗೂ ಇದೇ. ಮಾಪೆಲ್‌ಗೆ ಗೆರೆ ಬದಲು ಎಲ್ ಅಕ್ಷರ ಎರಡಾಗುತ್ತೆ.

ಎ2 ಬಾಯಿ ಪರೀಕ್ಷೆಯಲ್ಲಿ ಮೂರು ಭಾಗ ಇದೆ ಅಂತ ಗೊತ್ತಿರಬೇಕು. ಮೊದಲು ಪರಿಚಯ, ಆಮೇಲೆ ನೀವೊಬ್ಬರೇ ಮಾತಾಡೋದು, ಕೊನೆಗೆ ಇಬ್ಬರ ಸಂಭಾಷಣೆ. ಈ ಪ್ಯಾರಾ ಎರಡನೆಯದಕ್ಕೆ. ಒಟ್ಟು 100ಕ್ಕೆ 50 ಬಂದರೆ ಪಾಸ್. ಆದರೆ ಇಡೀ ಪರೀಕ್ಷೆಯ ನಾಲ್ಕು ಭಾಗಗಳಲ್ಲಿ (ಕೇಳೋದು, ಓದೋದು, ಬರೆಯೋದು, ಮಾತಾಡೋದು) ಪ್ರತಿಯೊಂದರಲ್ಲೂ 25ಕ್ಕೆ ಕನಿಷ್ಠ 5 ಬರಲೇಬೇಕು. ಪ್ಯಾರಾವನ್ನು ಗಿಳಿಪಾಠ ಒಪ್ಪಿಸಬೇಡಿ, ನಡುವೆ ಪ್ರಶ್ನೆ ಹಾಕುತ್ತಾರೆ. 'ಭಾನುವಾರವೂ ಹೀಗೇನಾ? ನಿಮ್ಮ ಮನೆಯವರು?' ಅಂತ. ಅವಳು, ಅವರು ರೂಪದಲ್ಲೂ ಹೇಳಿ ಅಭ್ಯಾಸ ಮಾಡಿ.

ನೇರಮಾತು:

ಈ ಸಲ ಪೂರ್ತಿ ಒಪ್ಪಿದೆ ಮೇಡಂ.

ಹೋಂವರ್ಕ್_ಅಪ್ಪ:

ಕೊನೇದು ಒಂದು. ಮಗಳ ಪ್ರಶ್ನೆ. 'ಅಪ್ಪ ಕಟಿಂಗ್ ಮಾಡಿಸಿಕೊಂಡು ಬಂದರು' ಅಂತ ಹೇಗೆ ಹೇಳೋದು? ಸ ಕೂಪೇ ಲೇ ಶವ (ಕೂದಲು ಕತ್ತರಿಸಿಕೊಳ್ಳು) ಅಂತ ನಾನು ಹೇಳಿದೆ, ಅದು ನೀನೇ ಕತ್ತರಿ ಹಿಡಿದು ಕತ್ತರಿಸಿಕೊಂಡ ಹಾಗೆ ಅಂತಾಳೆ.

ತುಲೂಸ್_ತಿಂಡಿಪೋತ:

ಮಗಳು ಜಾಣೆ. ಮಾತಿನಲ್ಲಿ ಕೆಲವರು ಸಡಿಲವಾಗಿ ಹಾಗೂ ಅಂತಾರೆ, ಆದರೆ ಬೇರೆಯವರ ಕೈಲಿ ಮಾಡಿಸಿಕೊಂಡರೆ ನಡುವೆ ಫೇರ್ (ಮಾಡು) ಬೇಕು. ಸ ಫೇರ್ ಕೂಪೇ ಲೇ ಶವ. ಕನ್ನಡದಲ್ಲಿ ನಾವು ಇಸು, ಕೊಳ್ಳು ಎರಡನ್ನೂ ಜೋಡಿಸಿ 'ಮಾಡಿಸಿಕೊಳ್ಳು' ಅಂತೀವಲ್ಲ, ಹಾಗೇ ಅವರು ಸ ಮತ್ತು ಫೇರ್ ಎರಡನ್ನೂ ಹಾಕುತ್ತಾರೆ. ಲಸಿಕೆ ಹಾಕಿಸಿಕೊಳ್ಳೋದು ಸ ಫೇರ್ ವಾಕ್ಸಿನೇ. ಊಟ ತರಿಸಿಕೊಳ್ಳೋದು ಸ ಫೇರ್ ಲಿವ್ರೇ. ಮೇಷ್ಟ್ರ ಹತ್ತಿರ ಬೈಸಿಕೊಳ್ಳೋದು ಸ ಫೇರ್ ಗ್ರೋಂದೇ, ಇದು ಮಕ್ಕಳಿಗೆ ಜಾಸ್ತಿ ಬೇಕಾಗೋದು. ಪಾಪಾ ಸೇ ಫೇ ಕೂಪೇ ಲೇ ಶವ ಅಂತ ಹೇಳಲಿ.

ಪಿಯುಸಿ_ಪರದಾಟ:

ಅಪ್ಪ ಬದಲು ಅಮ್ಮ ಆದರೆ ಆ ಫೇಗೆ ಇ ಸೇರಿಸಬೇಕಾ?

ಬಸವನಗುಡಿ_ಟೀಚರ್:

ಬೇಡ. ಫೇ ಆದ ಮೇಲೆ ಇನ್ನೊಂದು ಕ್ರಿಯಾಪದ ಬಂದಾಗ ಅದು ಯಾರಿಗೂ ಬದಲಾಗಲ್ಲ. ಅಮ್ಮ ಆಗಲಿ, ಅಕ್ಕಂದಿರಾಗಲಿ, ಹಾಗೇ ಬರಿ.